ಮರ್ಲ್ ಹಚ್ಚಿದ ಬೆಂಕಿ

ಮರ್ಲ್ ಟೀಗ್ ಕಾಡಿಗೆ ಬೆಂಕಿ ಇಡುತ್ತಿದ್ದ.

ಲೆನೋರ್ ಅದನ್ನು ಮೊದಲು ಕಂಡದ್ದು ಕ್ಯಾಮೆರಾದ ಕಣ್ಣಿನಲ್ಲಿ. ಎದುರಿನ ಮುದಿ ಸಿಕ್ವೋಯ ಮರದ ಮೇಲೆ ಬುಡದಿಂದ ತುದಿಯವರೆಗೂ ತಾಮ್ರದ ಬಣ್ಣದ ಬೆಳಕು ಬಿದ್ದಿತ್ತು. ಇಷ್ಟು ವರ್ಷಗಳಿಂದ ಈ ತೋಪಿಗೆ ಬಂದುಹೋಗುತ್ತಿದ್ದರೂ ಇಂಥ ಬೆಳಗು ಅವಳಿಗೆ ಸಿಕ್ಕಿರಲಿಲ್ಲ. ಉಸಿರು ಹಿಡಿದು ಗುಂಡಿ ಒತ್ತಬೇಕು, ಅಷ್ಟರಲ್ಲಿ ಮರದ ಹಿಂದಿನಿಂದ ಒಬ್ಬ ಹೊರಬಂದ. ಕೈಯಲ್ಲಿ ಉದ್ದ ಮೂತಿಯ ಎಣ್ಣೆ ಡಬ್ಬಿ. ಮೂತಿಯಿಂದ ಉರಿ ಹನಿಹನಿಯಾಗಿ ಒಣ ತರಗಿನ ಮೇಲೆ ಬೀಳುತ್ತಿತ್ತು. ಅವಸರವಿಲ್ಲದೆ, ಓರೆಯಾಗದಂತೆ, ಅವನು ಬೆಂಕಿಯ ಗೆರೆ ಎಳೆಯುತ್ತ ಬರುತ್ತಿದ್ದ.

ಲೆನೋರ್ ಗುಂಡಿ ಒತ್ತಿದಳು. ಈ ಸಲ ಸಾಕ್ಷಿ ಬೇಕಿತ್ತು.

ಹೋದ ವರ್ಷ ಪಕ್ಕದ ಕಣಿವೆಯ ತೋಪು ಸುಟ್ಟುಹೋದಾಗ ಸಾಕ್ಷಿ ಇರಲಿಲ್ಲ. ಯಾರೋ ಹಚ್ಚಿದ ಬೆಂಕಿ ಅದು. ಆರಿಸಲು ಹೋದ ಡ್ವೈಟ್, ಅವಳ ಗಂಡ, ಮನೆಗೆ ಬರಲಿಲ್ಲ. ಆ ದಿನ ಕಾಡಿನ ದಾರಿಯಲ್ಲಿ ಮರ್ಲ್‌ನ ಗಾಡಿ ಕಂಡವರಿದ್ದರು. ಷೆರಿಫ್ ಅವನನ್ನು ಕರೆಸಿ ವಿಚಾರಿಸಿ ಬಿಟ್ಟುಬಿಟ್ಟ. ಲೆನೋರ್ ಬಿಡಲಿಲ್ಲ. ಪೆಟ್ರೋಲ್ ಬಂಕಿನಲ್ಲಿ, ಅಂಗಡಿಯಲ್ಲಿ ಅವನು ಎದುರಾದಾಗಲೆಲ್ಲ ಅವನ ಕೈಗಳನ್ನೇ ದಿಟ್ಟಿಸುತ್ತಿದ್ದಳು. ಅವನು ಕೈಗಳನ್ನು ಜೇಬಿಗೆ ಇಳಿಸಿಕೊಂಡು ದೂರ ಸರಿಯುತ್ತಿದ್ದ.

ಅವಳು ಇಲ್ಲಿ ಗುಡಾರ ಹಾಕಿ ಕುಳಿತು ಕೆಲವು ದಿನಗಳಾಗಿದ್ದವು. ಫೋನು ಕೆಲಸ ಮಾಡದ ಜಾಗ. ಅದಕ್ಕೇ ಅವಳಿಗೆ ಇಷ್ಟ. ಇಲ್ಲಿ ಯಾರೂ ಇಲ್ಲವೆಂದೇ ಅವನು ಬಂದಿರಬೇಕು.

ಕ್ಯಾಮೆರಾ ಬಿಚ್ಚಿ ನೆಲಕ್ಕಿಟ್ಟಳು. ಅದು ಕೂತಿದ್ದ ಟ್ರೈಪಾಡಿನ ಮೂರೂ ಕಾಲು ಮಡಚಿ ಎರಡೂ ಕೈಯಲ್ಲಿ ಹಿಡಿದಳು.

"ಮರ್ಲ್!"

ಅವನು ಬೆಚ್ಚಿ ತಿರುಗಿದ. ಮುಖವೆಲ್ಲ ಮಸಿ, ಕಣ್ಣು ಕೆಂಡ.

"ನೀನ್ಯಾಕೆ ಇಲ್ಲಿದೀಯ? ಓಡು! ಕೆಳಗೆ ರಸ್ತೆಗೆ ಓಡು!"

"ನೋಡೋರು ಇರ್ಬಾರ್ದು, ಅಲ್ವಾ?"

"ಮಾತಾಡೋಕೆ ಹೊತ್ತಿಲ್ಲ ಕಣಮ್ಮ. ಇದು ಉರೀಲೇಬೇಕು. ನನ್ನ ಪಾಡಿಗೆ ನನ್ನ ಬಿಡು."

"ಡ್ವೈಟ್ ಇಂಥದ್ರಲ್ಲೇ ಸತ್ತಿದ್ದು."

"ಡ್ವೈಟ್ ಇವತ್ತು ಇಲ್ಲಿದ್ದಿದ್ರೆ," ಮರ್ಲ್ ಡಬ್ಬಿ ಎತ್ತಿ ತೋರಿಸಿದ, "ಇದನ್ನ ನನ್ನ ಕೈಯಿಂದ ಕಿತ್ಕೊಂಡು ಅವನೇ ಹಚ್ತಿದ್ದ. ದಿಬ್ಬದಾಚೆ—"

ಮಾತು ಮುಗಿಯಲಿಲ್ಲ. ಟ್ರೈಪಾಡು ಅವನ ದವಡೆಗೆ ಅಪ್ಪಳಿಸಿತು. ಒಣ ಕಟ್ಟಿಗೆ ಮುರಿದ ಸದ್ದು. ಅವನು ಮಂಡಿಯೂರಿದ. ಡಬ್ಬಿ ಉರುಳಿತು. ಬಾಯಿಂದ ರಕ್ತದ ಜೊತೆ ಹಲ್ಲು ಬಿತ್ತು. ಏನೋ ಹೇಳಲು ಹೋದ. ಬರೀ ಗೊರಗೊರ ಬಂತು. ಕೈ ಎತ್ತಿ ಅವಳ ಬೆನ್ನ ಹಿಂದಿನ ದಿಬ್ಬದತ್ತ ತೋರಿಸಿದ.

ಆ ಆಟ ಅವಳಿಗೆ ತಿಳಿಯದ್ದಲ್ಲ. ಅವಳು ತಿರುಗಲಿಲ್ಲ. ಎರಡನೆಯ ಏಟು ಮೊಣಕಾಲಿಗೆ ಬಿತ್ತು.

ಅವನು ಅರಚಿದ. ಆದರೂ ಓಡಿಹೋಗುವ ಯತ್ನ ಮಾಡಲಿಲ್ಲ, ಅವಳ ಮೇಲೆ ಬೀಳಲೂ ಇಲ್ಲ. ಮೊಣಕೈ ಊರಿಕೊಂಡು, ಕಾಲೆಳೆಯುತ್ತ, ಡಬ್ಬಿಯ ಕಡೆಗೇ ತೆವಳಿದ. ಲೆನೋರ್‌ಗೆ ಮೈಯೆಲ್ಲ ಉರಿದುಹೋಯಿತು. ಇಷ್ಟಾದ ಮೇಲೂ! ಡಬ್ಬಿ ಮುಟ್ಟಿದ ಅವನ ಕೈಯನ್ನು ಬೂಟಿನ ಹಿಮ್ಮಡಿಯಲ್ಲಿ ತುಳಿದಳು. ಬೆರಳುಗಳು ಲಟಲಟ ಅಂದವು. ಇನ್ನೊಂದು ಕೈ ಚಾಚಿದ. ಅದನ್ನೂ ತುಳಿದಳು. ವರ್ಷವಿಡೀ ದಿಟ್ಟಿಸಿದ ಕೈಗಳು. ನಿಲ್ಲಿಸಬೇಕೆನಿಸಲಿಲ್ಲ. ಅವನು ಮಿಸುಕಾಡುವುದನ್ನು ಬಿಟ್ಟಾಗ ಅವಳೂ ನಿಲ್ಲಿಸಿದಳು. ಅವನಿಗೆ ಉಸಿರು ಮಾತ್ರ ಇತ್ತು.

ಇನ್ನು ಬೆಂಕಿ. ಉರಿ ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ. ಗುಡಾರದಿಂದ ಕಂಬಳಿ ತಂದು, ಕುಡಿಯುವ ನೀರೆಲ್ಲ ಸುರಿದು ತೋಯಿಸಿ, ಬಡಿದಳು. ಹೊಗೆ ಕಣ್ಣಿಗೆ ಹೊಕ್ಕಿತು, ಹುಬ್ಬು ಸುಟ್ಟಿತು, ಅಂಗೈಗೆ ಬೊಬ್ಬೆ ಬಂತು. ಗೆರೆಯ ಉದ್ದಕ್ಕೂ ಬಡಿಯುತ್ತ, ಬೂಟಿನಿಂದ ಮಣ್ಣು ಒದೆಯುತ್ತ ಹೋದಳು. ಕೊನೆಯ ಕಿಡಿಯನ್ನು ಬೆರಳಿನಲ್ಲೇ ಹೊಸಕಿದಳು. ಮರಗಳು ಕದಲದೆ ನಿಂತಿದ್ದವು. ನೆಲದ ತುಂಬ ತಲೆತಲಾಂತರದ ತರಗು, ಒಣ ಕಡ್ಡಿ, ಕಾಯಿ, ಹಾಗೇ ಉಳಿದಿತ್ತು.

ಮುದಿ ಮರದ ತೊಗಟೆಗೆ ಕೆನ್ನೆ ಇಟ್ಟಳು. ಮೆತ್ತಗಿತ್ತು, ಬೆಚ್ಚಗಿತ್ತು. ಮೇಲೆಲ್ಲೋ ಗಾಳಿ ಮೊರೆಯುತ್ತಿತ್ತು. ಡ್ವೈಟ್ ಸತ್ತ ಮೇಲೆ ಮೊದಲ ಸಲ ಅವಳಿಗೆ ಅಳು ಬಂತು, ಅದರ ಹಿಂದೆಯೇ ಹಗುರವೆನಿಸಿತು.

ಕೆಳಗಿನ ಕಾಲುದಾರಿಯಲ್ಲಿ ಹೆಜ್ಜೆ ಸದ್ದು. ಹಳದಿ ಅಂಗಿ, ಹೆಲ್ಮೆಟ್, ಬೆನ್ನಿಗೆ ನೀರಿನ ಚೀಲ. ಅಗ್ನಿಶಾಮಕ ದಳದವರು ಏದುಸಿರು ಬಿಡುತ್ತ ಬಂದರು. ಮುಂದೆ ರಮಿರೊ, ಡ್ವೈಟ್‌ನ ನಾಯಕನಾಗಿದ್ದವನು, ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು.

"ರಮಿರೊ! ಸಿಕ್ಕಿಬಿದ್ದ ನೋಡು ಕಳ್ಳ! ಫೋಟೊ ಸಮೇತ ಸಿಕ್ಕಿಬಿದ್ದ!"

ರಮಿರೊ ಅವಳನ್ನು ನೋಡಲಿಲ್ಲ. ಮರ್ಲ್‌ನ ಮುರಿದ ಕೈಗಳನ್ನು ನೋಡಿದ. ಕಪ್ಪಗೆ ಸತ್ತು ಮಲಗಿದ್ದ ಗೆರೆಯನ್ನು ನೋಡಿದ. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಯಾರು ಆರ್ಸಿದ್ದು ಇದನ್ನ?"

"ನಾನು. ಒಬ್ಳೇ."

"ಮತ್ತೆ ಹಚ್ಚೋಣ್ವಾ?" ಹಿಂದಿನಿಂದ ಒಬ್ಬ ಕೇಳಿದ.

"ಹೊತ್ತು ಮೀರ್ತು," ಅಂದ ರಮಿರೊ. "ತೋಪು ಬಿಟ್ಟುಬಿಡಿ. ಮರ್ಲ್‌ನ ಎತ್ಕೊಳ್ಳಿ. ಓಡಿ!"

ಲೆನೋರ್ ಅವನ ತೋಳು ಹಿಡಿದಳು. "ಬಿಟ್ಟುಬಿಡೋದಾ? ಬೆಂಕಿ ಆರಿದೆಯಲ್ಲ!"

"ದೊಡ್ಡ ಬೆಂಕಿ ದಿಬ್ಬ ಹತ್ತಿ ಬರ್ತಾ ಇದೆ, ಲೆನೋರ್, ಅದು ಬರೋಷ್ಟ್ರಲ್ಲಿ ಬುಡದ ತರಗನ್ನೆಲ್ಲ ಸುಟ್ಟು ಮರಗಳನ್ನಾದ್ರೂ ಉಳಿಸು ಅಂತ ಮರ್ಲ್‌ನ ಕಳ್ಸಿದ್ದೇ ನಾನು."