ಒಂಬತ್ತನೆಯ ನಿಯಮ

ಎಡಗಣ್ಣಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡಿದ್ದ ತೊಮಾಸಾ, ಮಗಳ ಭುಜ ಹಿಡಿದು ಮೂರನೆಯ ಮಹಡಿ ಹತ್ತಿ ಬಂದಾಗ, ಮನೆಯೊಡತಿ ದೋನ್ಯಾ ಎರ್ಸಿಲಿಯಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಮಟಮಟ ಮಧ್ಯಾಹ್ನ. ಬರಾಂಕಿಯಾ ನಗರದ ಬಿಸಿಲಿಗೆ ಮೆಟ್ಟಿಲ ಕಂಬಿ ಮುಟ್ಟಲಾಗದಷ್ಟು ಕಾದಿತ್ತು.

"ಊಟ ಹಾಕು, ನೀರು ಕುಡಿಸು, ಬೇಡ ಅನ್ನಲ್ಲ. ಸಂಜೆ ಆರರೊಳಗೆ ಕಳಿಸಿಬಿಡು," ಎಂದಳು ಎರ್ಸಿಲಿಯಾ, ತೊಮಾಸಾಳ ಮಗಳು, ತನ್ನ ಬಾಡಿಗೆದಾರಳಾದ ಯುರಾನಿಸ್‌ಳ ಕಡೆ ತಿರುಗಿ. "ಒಂಬತ್ತನೇ ನಿಯಮ ನಿಂಗೆ ಗೊತ್ತಲ್ಲ. ಬಂದೋರು ರಾತ್ರಿ ಉಳ್ಕೊಳ್ಳೋ ಹಾಗಿಲ್ಲ."

"ಎಂಟೇ ದಿನ, ದೋನ್ಯಾ. ಕಣ್ಣಿನ ಪೊರೆ ತೆಗೆದಿದ್ದಾರೆ. ಬರೋ ಬುಧವಾರ ಡಾಕ್ಟರು ಮತ್ತೆ ನೋಡ್ಬೇಕಂತೆ. ಊರು ಅಂದ್ರೆ ಬಸ್ಸು, ಆಮೇಲೆ ದೋಣಿ, ಒಟ್ಟು ಏಳು ಗಂಟೆ. ಧೂಳು ಬೀಳಬಾರದು ಅಂದಿದ್ದಾರೆ."

"ನಿನಗೊಬ್ಬಳಿಗೆ ಬಿಟ್ರೆ, ನಾಲ್ಕು ಕೋಣೆಯವರೂ ಅವರವರ ಅಮ್ಮಂದಿರನ್ನ ಕರ್ಕೊಂಡು ಬರ್ತಾರೆ. ಆಗಲ್ಲ ಅಂದ್ರೆ ಕೋಣೆ ಬಿಡು ಮಗಳೇ, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ."

ಯುರಾನಿಸ್ ಕೆಲಸ ಮಾಡುವ ಬೇಕರಿ ಎರಡೇ ಬೀದಿ ದೂರ. ಈ ಕೋಣೆಗಾಗಿ ಅವಳು ಮೂರು ತಿಂಗಳು ಅಲೆದಿದ್ದಳು. ಅಮ್ಮನನ್ನು ಈ ಸ್ಥಿತಿಯಲ್ಲಿ ಎಲ್ಲಿಗೆ ಕರೆದೊಯ್ಯುವುದೆಂದು ಅವಳು ಯೋಚಿಸುತ್ತಿರುವಾಗಲೇ ತೊಮಾಸಾ ಎರ್ಸಿಲಿಯಾಳ ಪಕ್ಕದಿಂದ ನುಸುಳಿ ತಾನಾಗಿ ಒಳಗೆ ನಡೆದು, ಅಡುಗೆಮನೆಯಲ್ಲಿ ಒಂದು ಲೋಟ ನೀರು ಕುಡಿದಳು. ಗೋಡೆಯ ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ್ದ ಕಾಗದವನ್ನು ಒಂಟಿಕಣ್ಣಿನಲ್ಲಿ ನೋಡಿದಳು.

"ಇದೇನಾ ನಿಮ್ಮ ನಿಯಮ? ಸ್ವಲ್ಪ ಓದಿ ಹೇಳಿ. ನನ್ನ ಒಂದು ಕಣ್ಣು ಕಟ್ಟಿದೆ, ಇನ್ನೊಂದಕ್ಕೂ ಅಕ್ಷರಕ್ಕೂ ಮೊದಲಿಂದ್ಲೇ ಅಷ್ಟಕ್ಕಷ್ಟೆ."

ಇಪ್ಪತ್ತು ವರ್ಷದಲ್ಲಿ ಎಷ್ಟೋ ಜನ ಆ ಕಾಗದವನ್ನು ಬೈದಿದ್ದರು. ಓದಿ ಹೇಳಿ ಎಂದು ಕೇಳಿದವರು ಯಾರೂ ಇರಲಿಲ್ಲ. ಹಿಂದೆಯೇ ಬಂದಿದ್ದ ಎರ್ಸಿಲಿಯಾ ಕನ್ನಡಕ ಏರಿಸಿಕೊಂಡಳು.

"ಎರಡು. ಸ್ನಾನದ ಮನೆಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಇರಕೂಡದು."

"ಅದ್ಯಾಕೆ?"

"ಎವೆಲಿಯೊ ಅಂತ ಒಬ್ಬ ಇದ್ದ, ಮದುವೆಗಳಲ್ಲಿ ಹಾಡೋನು. ಅವನ ಅಭ್ಯಾಸ ಎಲ್ಲ ನಲ್ಲಿ ಕೆಳಗೇನೇ. ಹೊರಗೆ ಮೂರು ಜನ ಟವೆಲ್ ಹೆಗಲಿಗೆ ಹಾಕ್ಕೊಂಡು ಕಾಯೋರು."

"ಗಂಟಲು ಹೇಗಿತ್ತು?"

"ಗಂಟಲೇನೋ ಚೆನ್ನಾಗೇ ಇತ್ತು. ಈಗ ಪನಾಮಾದಲ್ಲಿದ್ದಾನಂತೆ."

"ಆಮೇಲೆ?"

"ಐದು. ಫ್ರಿಜ್ಜಿನಲ್ಲಿ ಮೀನು ಇಡಕೂಡದು."

"ಇದು ಹೇಳೋದೇ ಬೇಡ. ಕರೆಂಟು ಹೋಗಿರತ್ತೆ."

"ಎರಡು ದಿನ! ಅದೂ ಈಸ್ಟರ್ ಹಬ್ಬದ ವಾರದಲ್ಲಿ!" ಎಂದು ಎರ್ಸಿಲಿಯಾ ಮೂಗು ಮುಚ್ಚಿಕೊಂಡು ತೋರಿಸಿದಳು. ತೊಮಾಸಾ ಹೊಟ್ಟೆ ಹಿಡಿದು ನಕ್ಕಳು. ನಗಬೇಡಮ್ಮಾ, ಕಣ್ಣಿಗೆ ಆಗಲ್ಲ ಎಂದು ಯುರಾನಿಸ್ ಗದರಿದರೂ ಇಬ್ಬರಿಗೂ ಕೇಳಿಸಲಿಲ್ಲ.

"ಏಳು. ಗೋಡೆಗೆ ಬಣ್ಣ ಬಳಿಯಕೂಡದು. ಲುಸ್ ದಾರಿ ಅನ್ನೋಳು ಕೋಣೆ ಪೂರ್ತಿ ಗಿಣಿ ಹಸಿರು ಬಳಿದುಬಿಟ್ಟಿದ್ಲು. ಈಗಲೂ ಹಾಗೇ ಇದೆ."

"ಅವಳು ಬಿಟ್ಟುಹೋದ್ಮೇಲೆ ಸುಣ್ಣ ಹೊಡೆಸ್ಲಿಲ್ವಾ?"

"ಹೊಡೆಸ್ಬೇಕು, ಹೊಡೆಸ್ಬೇಕು ಅಂತ ಆರು ವರ್ಷ ಆಯ್ತು." ಎರ್ಸಿಲಿಯಾಳ ಬೆರಳು ಕಾಗದದ ಮೇಲೆ ಕೆಳಗಿಳಿಯಿತು. "ಒಂಬತ್ತು. ಬಂದ ನೆಂಟರು ರಾತ್ರಿ ಉಳಿಯಕೂಡದು."

"ಅದ್ಯಾಕೆ?" ಎಂದಳು ತೊಮಾಸಾ, ಅದೇ ದನಿಯಲ್ಲಿ.

ಎರ್ಸಿಲಿಯಾ ಕನ್ನಡಕ ತೆಗೆದು ಏಪ್ರನ್ನಿನ ಅಂಚಿನಿಂದ ಒರೆಸಿದಳು. ಅದರ ಮೇಲೆ ಕಲೆಯೇನೂ ಇರಲಿಲ್ಲ.

"ಇಲ್ಲಿ ಬಾಡಿಗೆಗಿದ್ದ ಒಂದು ಹುಡುಗಿಯ ಅತ್ತೆ ಬಂದಿದ್ದಳು. ನಾಲ್ಕು ದಿನ ಅಂತ ಬಂದೋಳು ನಲವತ್ತು ದಿನ ಇದ್ಲು."

"ಬಾಡಿಗೆ ಕೊಡ್ಲಿಲ್ವಾ? ಗಲಾಟೆ ಮಾಡಿದ್ಲಾ?"

"ಇಲ್ಲಪ್ಪ. ಬೆಳಗಾದ್ರೆ 'ಎರ್ಸೀ, ಏಳೇ, ಕಾಫಿ ಆರಿಹೋಗತ್ತೆ' ಅನ್ನೋಳು. ನನ್ನ ಗಂಡ ಹೋದ ಮೇಲೆ ನನ್ನನ್ನ ಹಾಗೆ ಕರೆದೋರು ಯಾರೂ ಇರ್ಲಿಲ್ಲ. ಎಲ್ಲರಿಗೂ ನಾನು ದೋನ್ಯಾ, ಅಮ್ಮಾವ್ರು. ನಲವತ್ತನೇ ದಿನ ಪೆಟ್ಟಿಗೆ ಎತ್ಕೊಂಡು ಹೊರಟೇ ಹೋದ್ಲು. ಒಂದು ತಿಂಗಳು ನಂಗೆ ಒಲೆ ಹಚ್ಚೋಕೇ ಮನಸ್ಸಾಗ್ಲಿಲ್ಲ ಕಣ್ರೀ. ಅಂಗಡಿ ಬ್ರೆಡ್ಡು ತಿಂದ್ಕೊಂಡಿದ್ದೆ. ಆಮೇಲೆ ಪೆನ್ನು ತಗೊಂಡು ಇದನ್ನ ಬರೆದೆ."

ಯುರಾನಿಸ್ ಕಾಗದವನ್ನೇ ನೋಡುತ್ತ ನಿಂತಳು. ಎರಡು ವರ್ಷದಿಂದ ಅದರ ಕೆಳಗೇ ನಿಂತು ಪಾತ್ರೆ ತೊಳೆಯುತ್ತಿದ್ದವಳು ಅವಳು.

ತೊಮಾಸಾ ಅಯ್ಯೋ ಪಾಪ ಎನ್ನಲಿಲ್ಲ. "ಅಷ್ಟೇ ತಾನೇ? ಅದಕ್ಕೆ ದಾರಿ ಇದೆ," ಎಂದಳು. "ಹೊರಡೋ ದಿನ ನಿಮ್ಮ ಜೊತೆ ಒಂದು ಭಾರೀ ಜಗಳ ತೆಗೀತೀನಿ. ನಮ್ಮೂರಿನ ದೋಣಿಕಟ್ಟೆಯಲ್ಲಿ ಕೇಳಿ ನೋಡಿ, ಬೈಗುಳದಲ್ಲಿ ನನ್ನನ್ನ ಮೀರಿಸಿದೋರು ಇಲ್ಲ. ಹೋದ್ಲಲ್ಲ ಮಾರಿ ಅಂತ ನೀವೇ ದಡಾರನೆ ಬಾಗಿಲು ಹಾಕ್ಕೋತೀರಿ. ಆಮೇಲೆ ನೆಮ್ಮದಿಯಾಗಿ ಒಲೆ ಹಚ್ಚಬಹುದು."

ಎರ್ಸಿಲಿಯಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮೇಜಿನ ಕೆಳಗಿದ್ದ ಕುರ್ಚಿಯನ್ನು ಕಾಲಿನಿಂದಲೇ ಹೊರಗೆಳೆದು ಅವಳ ಕಡೆ ತಳ್ಳಿದಳು.

"ಜಗಳಕ್ಕೆ ಬುಧವಾರದ ತನಕ ಯಾಕೆ ಕಾಯ್ಬೇಕು? ನಿಮ್ಮ ನದಿ ಕಡೆಯೋರು ಸಾರಿಗೆ ಗೆಣಸನ್ನ ಸಿಪ್ಪೆ ಸಮೇತ ಹಾಕ್ತೀರಂತಲ್ಲ. ಅದೇನು ಮನುಷ್ಯರು ಉಣ್ಣೋದಾ, ದನಕ್ಕೆ ಬೇಯಿಸೋದಾ?"

"ಯಾರ್ರೀ ನಿಮಗೆ ಹೇಳಿದ್ದು?" ಎನ್ನುತ್ತ ತೊಮಾಸಾ ತೋಳು ಮಡಚಿಕೊಂಡು ಕೂತೇಬಿಟ್ಟಳು.