ಜೋಡಿ ಮೇಜು

ಗಡಿಯಾರ ಹಿಡಿದು ಕೆಲಸದ ಹೊತ್ತು ಅಳೆಯುವ ಮೇಡಂ ಮತ್ತೆ ಅಕ್ಕನ ಮೇಜಿನ ಎದುರಿಗೇ ಕುರ್ಚಿ ಹಾಕಿಕೊಂಡಳು. ಗೋದಾಮಿನ ಬಾಗಿಲ ಸಂದಿಯಿಂದ ಅದನ್ನು ಕಂಡ ತಮ್ಮ ಎತ್ತಿದ ಪೆಟ್ಟಿಗೆಯನ್ನು ಅಲ್ಲೇ ಇಳಿಸಿದ.

ಬೂಟಿನ ಕಾರ್ಖಾನೆ ಅದು. ಹೊಲಿದು ಬಂದ ರಾಶಿಯಿಂದ ಎಡಕ್ಕೊಂದು ಬಲಕ್ಕೊಂದು ಆರಿಸಿ, ಬಣ್ಣಕ್ಕೆ ಬಣ್ಣ ಕೂಡಿಸಿ ಜೋಡಿ ಮಾಡುವುದು ಅಕ್ಕನ ಕೆಲಸ. ಚರ್ಮ ಚರ್ಮಕ್ಕೂ ಬಣ್ಣ ಬೇರೆ, ಕಣ್ಣು ಚುರುಕಾಗಿರಬೇಕು. ಜೋಡಿಗಳು ಪೆಟ್ಟಿಗೆಯಲ್ಲಿ ಕೂತು ತಮ್ಮನ ಗೋದಾಮಿಗೆ ಬರುತ್ತವೆ, ಅಲ್ಲಿಂದ ಲಾರಿಗೆ. ಇಷ್ಟೇ ಹಾದಿ. ಇಷ್ಟು ಹಾದಿಗೆ ಒಂದಿಡೀ ದಿನ ಯಾಕೆ ಬೇಕು? ಅದನ್ನು ಹುಡುಕಿ, ಬೇಡದ ಕೆಲಸವನ್ನು ಕಿತ್ತುಹಾಕಲೆಂದೇ ಮಾಲೀಕರು ಮೇಡಂನ ಕರೆಸಿದ್ದರು.

ಕಾರಣ ತಮ್ಮನಿಗೆ ಗೊತ್ತಿತ್ತು. ಅಕ್ಕನ ಕಣ್ಣು ಮಂಜಾಗಿತ್ತು.

ಹೋದ ವರ್ಷ ಒಂದು ಅಂಗಡಿಯಿಂದ ಪೆಟ್ಟಿಗೆಗಳು ವಾಪಸು ಬಂದಿದ್ದವು. ಒಂದು ಕಾಲು ಕಪ್ಪು, ಒಂದು ಕಾಲು ಕಂದು! ಅಕ್ಕ ಜ್ವರದಲ್ಲಿ ಮಲಗಿದ್ದಾಗ ಅವಳ ಮೇಜಿಗೆ ಇವನೇ ಕೂತಿದ್ದ; ಅವಳು ಎದ್ದು ಬಂದ ವಾರ ಅದು. ಮಾಲೀಕರು ಕೂಗಾಡಿದರು. ಅಕ್ಕ ತಲೆ ತಗ್ಗಿಸಿ, “ನಂದೇ ತಪ್ಪು” ಎಂದಳು.

ಅಂದಿನಿಂದ ಊಟದ ಹೊತ್ತಿನಲ್ಲಿ ಎಲ್ಲರೂ ಅತ್ತ ಹೋದರೆ ಇವನು ಗೋದಾಮಿನ ಚಿಲಕ ಹಾಕಿಕೊಳ್ಳುತ್ತಿದ್ದ. ಅಕ್ಕನ ಪೆಟ್ಟಿಗೆಗಳನ್ನು ಬಿಚ್ಚಿ, ಬಲ್ಬಿನ ಕೆಳಗೆ ಹಿಡಿದು ನೋಡುತ್ತಿದ್ದ. ಆ ಬಲ್ಬೂ ದರಿದ್ರದ್ದು. ಎಷ್ಟು ಸಲ ಬದಲಿಸಿದರೂ ಬೆಳಕಿನ ಸುತ್ತ ಬಳೆಯಂತೆ ವರ್ತುಲ ಕಟ್ಟುತ್ತಿತ್ತು. ದಿನಾ ನಾಲ್ಕಾರು ಜೋಡಿ ತಪ್ಪು ಸಿಕ್ಕೇ ಸಿಗುತ್ತಿತ್ತು. ಬದಲಿಸಿ, ಮತ್ತೆ ಮುಚ್ಚಿಡುತ್ತಿದ್ದ. ಅಕ್ಕನಿಗೆ ಹೇಗೆ ಹೇಳುವುದು? ಅವ್ವ ತೀರಿಕೊಂಡಾಗ ಇವನನ್ನು ಕಂಕುಳಲ್ಲಿ ಎತ್ತಿಕೊಂಡೇ ದುಡಿಯಲು ಹೋದವಳು. ಆ ಮೇಜು ಬಿಟ್ಟರೆ ಅವಳಿಗೆ ಬೇರೆ ಲೋಕವಿಲ್ಲ. ಅದನ್ನೂ ಕಿತ್ತುಕೊಂಡರೆ? ನೆನೆದರೇ ಇವನಿಗೆ ಅಳು ಬರುತ್ತಿತ್ತು.

ಅವಳೂ ಪಾಪ, ಒದ್ದಾಡುತ್ತಿದ್ದಳು. ಕೈ ನಿಧಾನವಾಯಿತೇನೋ, ಎಲ್ಲರಿಗಿಂತ ಮೊದಲೇ ಬಂದು ಕೂರುತ್ತಿದ್ದಳು. “ಹಾಗೇ ನಿನ್ನ ಗೋದಾಮೂ ಗುಡಿಸಿಡ್ತೀನಿ” ಎಂದು ಮನೆಯ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಹೋಗುತ್ತಿದ್ದಳು.

ತಡೆಯಲಾರದೆ ಅವನು ಮೇಡಂ ಹತ್ತಿರ ಹೋದ.

“ಮೇಡಂ, ಮೊದಲು ಚರ್ಮದ ಕಟಿಂಗ್ ನೋಡಿ. ರೋಗ ಇರೋದೇ ಅಲ್ಲಿ.”

“ಕಟಿಂಗ್ ಈ ಯೋಜನೆಗೆ ಬರಲ್ಲ. ಈ ಮೇಜಿಂದ ಲಾರಿವರೆಗೆ ಅಷ್ಟೇ ಅಂತ ಮೊದಲೇ ಗೆರೆ ಹಾಕಿದೀವಿ. ಎಲ್ಲಾ ಒಟ್ಟಿಗೆ ಕೆದಕಿದ್ರೆ ಯಾವುದೂ ಸರಿಹೋಗಲ್ಲ.”

“ಗೆರೆ ಸ್ವಲ್ಪ ಆ ಕಡೆ ಸರಿಸಿ.”

“ನಿಮಗ್ಯಾಕೆ ಅಷ್ಟು ಅವಸರ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನೂ ಬೆವರು ಒರೆಸಿಕೊಂಡ. ಆಚೆ ನಿಂತಿದ್ದ ಕಟಿಂಗ್ ಮೇಸ್ತ್ರಿಗೆ ಕೇಳಿಸದೆ ಇರುತ್ತದೆಯೇ? “ನಿನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದೆ, ನನ್ನೆಲೆ ನೊಣ ತೋರಿಸ್ತೀಯಲ್ಲಯ್ಯಾ!” ಎಂದು ಮೇಸ್ತ್ರಿ ನಕ್ಕ. ಯಾಕೋ ಆಮೇಲೆ ನಾಲಿಗೆ ಕಚ್ಚಿಕೊಂಡು ಅಕ್ಕನ ಕಡೆ ನೋಡಿದ.

ಸಂಜೆ ಕೆಲಸ ಬಿಟ್ಟು ಇಳಿಯುವಾಗ ಅಕ್ಕ ತಮ್ಮನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. “ಮೆಟ್ಟಿಲು ಕಣೋ, ನಿಧಾನ.”

ಪಾಪ, ಆಸರೆ ಬೇಕಲ್ಲ ಅವಳಿಗೆ.

“ಅಕ್ಕ, ಆ ಮೇಡಂ ಏನು ಕೇಳಿದ್ರೂ ಬಾಯಿ ಬಿಡಬೇಡ.”

“ಇಷ್ಟು ದಿನ ಬಿಟ್ಟಿದೀನೇನೋ?” ಎಂದಳು.

ಓಹೋ, ಎಲ್ಲ ಗೊತ್ತಿದೆ ಇವಳಿಗೆ ಎಂದುಕೊಂಡ. ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ.

ಮರುದಿನ ಕಾರ್ಖಾನೆಗೆ ಕಾಲಿಡುತ್ತಲೇ ಕರೆ ಬಂತು. ಮೇಡಂ ಕೋಣೆಯಲ್ಲಿ ಒಬ್ಬಳೇ ಇದ್ದಳು.

“ಬೆಳಗ್ಗೆ ನಾನೂ ಬೇಗ ಬಂದಿದ್ದೆ. ನಿಮ್ಮ ಗೋದಾಮು ನೋಡ್ದೆ. ಒಂದೇ ಕೆಲಸ ಅಲ್ಲಿ ಎರಡೆರಡು ಸಲ ನಡೀತಿದೆ.”

ಸಿಕ್ಕಿಬಿದ್ದೆ! ಮುಚ್ಚಿಡುವುದಕ್ಕೆ ಇನ್ನೇನಿದೆ? ಅವನು ಎಲ್ಲ ಒದರಿಬಿಟ್ಟ. ವಾಪಸು ಬಂದ ಪೆಟ್ಟಿಗೆ, ಊಟದ ಹೊತ್ತಿನ ಚಿಲಕ, ಅಕ್ಕನ ಕಣ್ಣು.

“ಯಾರ ಕೆಲಸನಾದ್ರೂ ತೆಗೀಲೇಬೇಕು ಅಂದ್ರೆ ನಂದು ತೆಗೀರಿ ಮೇಡಂ. ನಿಮ್ಮ ದಮ್ಮಯ್ಯ. ಅವಳನ್ನ ಆ ಮೇಜಿಂದ ಎಬ್ಬಿಸಬೇಡಿ.”

ಮೇಡಂ ಗಡಿಯಾರವನ್ನು ಬೋರಲು ಹಾಕಿದಳು. ಒಂದು ಜೊತೆ ಬೂಟು ತೆಗೆದು ಅವನ ಮುಂದಿಟ್ಟಳು.

“ಇದು ನೀವು ನಿನ್ನೆ ಮಧ್ಯಾಹ್ನ ಸರಿಮಾಡಿದ ಜೋಡಿ. ಹೇಗಿದೆ?”

ಅವನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದ. ಕಿಟಕಿಯ ಬೆಳಕಿಗೂ ಬಳೆ ಕಟ್ಟಿತ್ತು. ಬೂಟು ಮಾತ್ರ ಅಪ್ಪಟ ಕಪ್ಪು. ಸ್ವಲ್ಪ ಹೆಮ್ಮೆಯೇ ಆಯಿತು.

“ಒಂದೇ ತಾಯಿ ಮಕ್ಕಳ ಹಾಗಿದೆ ಮೇಡಂ.”

ಬಾಗಿಲಲ್ಲಿ ಯಾರೋ ಬಿಕ್ಕಿದರು. ತಿರುಗಿದ. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

“ಎಡಗಾಲಿಂದು ಕಂದು ಕಣೋ,” ಎಂದಳು, “ಒಂದು ವರ್ಷದಿಂದ ನೀನು ಮಧ್ಯಾಹ್ನ ಕೆಡಿಸಿದ್ದನ್ನ ನಾನು ದಿನಾ ಬೆಳಗ್ಗೆ ಬಂದು ಸರಿಮಾಡ್ತಿದೀನಿ.”