ತವರಿನ ಹೊಲಿಗೆ ಮಷೀನು

ಗಂಡನಿಗೆ ಜಬಲ್‌ಪುರಕ್ಕೆ ವರ್ಗವಾಗಿದ್ದನ್ನು ಮಂದಾಕಿನಿ ಪಕ್ಕದ ಮನೆಯ ಪಾರ್ವತಕ್ಕನಿಗೆ ಇನ್ನೂ ಹೇಳಿರಲಿಲ್ಲ. ಬೆಂಗಳೂರಿನಿಂದ ಅಷ್ಟು ದೂರಕ್ಕೆ ಎಲ್ಲವನ್ನೂ ಸಾಗಿಸಲಾಗದೆ ಸೋಫಾ, ಮಂಚ, ಕೊನೆಗೆ ತವರಿನಿಂದ ಬಂದ ಹೊಲಿಗೆ ಮಷೀನನ್ನೂ ಮಾರಿದ್ದಳು. ಅದೂ ಪಾರ್ವತಕ್ಕ ತರಕಾರಿಗೆ ಹೋಗುವ ಹೊತ್ತು ನೋಡಿಕೊಂಡು, ಕಳ್ಳಿಯ ಹಾಗೆ.

"ಎಷ್ಟು ದಿನ ಅಂತ ಮುಚ್ಚಿಡ್ತೀಯೆ?" ಎಂದ ಗಂಡ.

"ತಮ್ಮ ಬಾ ಅಂತ ಕರೆದ್ರೂ ಹೋಗದೆ, ನೀನಿದ್ದೀಯಲ್ಲ ಅಂತ ಇಲ್ಲೇ ಉಳಿದೋರು ರೀ ಅವ್ರು. ಯಾವ ಮುಖ ಇಟ್ಕೊಂಡು ಹೇಳಲಿ?"

ಅಂದು ಸಂಜೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ ಬಾಗಿಲು ತಟ್ಟಿದಳು.

"ಅಕ್ಕಾ, ನಿಮಗೆ ಒಂದು ವಿಷಯ ಹೇಳದೆ ಮುಚ್ಚಿಟ್ಟಿದ್ದೆ..."

"ಏನೂ ಹೇಳ್ಬೇಡ ಕಣೆ. ಮನೆ ಖಾಲಿ ಆಗ್ತಿರೋದು ನನಗೆ ಕಾಣಲ್ವಾ?"

ಮಂದಾಕಿನಿ ತಲೆ ತಗ್ಗಿಸಿದಳು. ಪಾರ್ವತಕ್ಕ ಅವಳ ಕೈಹಿಡಿದು ಒಳಗೆ ಕರೆದೊಯ್ದು, ಮೂಲೆಯಲ್ಲಿ ಹೊದಿಸಿದ್ದ ಹಳೇ ಸೀರೆಯನ್ನು ಸರಿಸಿದರು. ಅದೇ ಹೊಲಿಗೆ ಮಷೀನು.

"ಗೇಟ್ ಹತ್ರ ಹೊತ್ಕೊಂಡು ಹೋಗ್ತಿದ್ದೋರನ್ನ ನಿಲ್ಲಿಸಿ ನಾನೇ ಕೊಂಡ್ಕೊಂಡೆ. ಗಂಡನ ಕೆಲಸ ಹೋಯ್ತು ಅಂತ ನನ್ನ ಹತ್ರಾನೂ ನಾಚ್ಕೋತಾರೇನೆ? ಇನ್ನೊಂದು ಕೆಲಸ ಸಿಕ್ಕಿದ ಮೇಲೆ ತಗೊಂಡು ಹೋಗು, ಎಲ್ಲಿಗೆ ಮಹಾ, ಪಕ್ಕದ ಮನೆಗೆ ತಾನೆ?"